ಜ್ವರ ಬಿಟ್ಟಿತು, ಚಿಂತೆ ಬಿಡಲಿಲ್ಲ

ಪ್ರಶ್ನೆ: ಅಕ್ಕಾರೇ, ನಾನು ಮುಧೋಳ ತಾಲೂಕಿನವನು, ವಯಸ್ಸು 29. ಲಾರಿ ಓಡಿಸುತ್ತೇನೆ. ಮೂರೂವರೆ ತಿಂಗಳ ಹಿಂದೆ ಮಹಾಲಿಂಗಪುರದಿಂದ ಬೆಲ್ಲ ಹೇರಿಕೊಂಡು ಹೋಗಿದ್ದಾಗ ದಾರಿಯಲ್ಲಿ ಒಬ್ಬಳ ಸಹವಾಸ ಮಾಡಿದೆ. ನಿರೋಧ್ ಬಳಸಲಿಲ್ಲ. ಮೂರು ವಾರಕ್ಕೆ ಜ್ವರ ಬಂತು. ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು, ಎದೆ ಮೇಲೆ ಕೆಂಪು ಗುಳ್ಳೆ. ಊರ ಡಾಕ್ಟರು ಸಲೈನ್ ಹಚ್ಚಿದರು, ಆರು ದಿನಕ್ಕೆ ಕಡಿಮೆಯಾಯಿತು. ಈಗ ಆರಾಮ ಇದ್ದೇನೆ. ಆದರೂ ಎಚ್‌ಐವಿ ಇರಬಹುದಾ ಅಂತ ನಿದ್ದೆ ಬರುತ್ತಿಲ್ಲ. ಹೆಂಡತಿಗೆ ಐದು ತಿಂಗಳು. ಎರಡನೇ ತಿಂಗಳಲ್ಲಿ ಅವಳ ರಕ್ತ ಪರೀಕ್ಷೆ ಮಾಡಿ, ಏನೂ ಇಲ್ಲ ಅಂದಿದ್ದಾರೆ. ಹಾಗಾದರೆ ನನಗೂ ಇಲ್ಲ ಅಂತ ತಿಳಿಯಬಹುದಾ?

ಉತ್ತರ: ತಿಳಿಯಬೇಡ ತಮ್ಮಾ. ನಿನ್ನ ಪತ್ರದಲ್ಲೇ ಲೆಕ್ಕ ಇದೆ, ನೋಡು. ನಿನ್ನ ಆ ರಾತ್ರಿ ಆಗಿ ಮೂರೂವರೆ ತಿಂಗಳು. ಅವಳ ರಕ್ತ ತೆಗೆದು ಮೂರು ತಿಂಗಳು. ಅಂದರೆ ನಿನಗೆ ಜ್ವರ ಬರುವ ಮೊದಲೇ ಅವಳ ಪರೀಕ್ಷೆ ಮುಗಿದಿತ್ತು. ಆಮೇಲೆ ನಿನ್ನಿಂದ ಅವಳಿಗೆ ಬಂದಿದ್ದರೆ ಆ ವರದಿಯಲ್ಲಿ ಹೇಗೆ ಕಾಣಬೇಕು?

ಎಚ್‌ಐವಿ ಮೈಸೇರಿದ ಎರಡರಿಂದ ನಾಲ್ಕು ವಾರದಲ್ಲಿ ಬಹಳ ಜನರಿಗೆ ನೀನು ಬರೆದಂಥ ಜ್ವರವೇ ಬರುತ್ತದೆ. ಬಾಯಿಹುಣ್ಣು, ಮೈಕೈ ನೋವು, ರಾತ್ರಿ ಬೆವರು ಕೂಡ ಇರಬಹುದು. ಕೆಲವರಿಗೆ ಏನೂ ಆಗುವುದಿಲ್ಲ. ಡೆಂಗಿಯಲ್ಲೂ ಜ್ವರ, ಗುಳ್ಳೆ, ಮೈಕೈ ನೋವು ಇದ್ದದ್ದೇ. ಹಾಗಾಗಿ ಜ್ವರ ಬಂತು ಅಂತ ಎಚ್‌ಐವಿ ಇದೆ ಅನ್ನಲಾಗದು, ಬಿಟ್ಟಿತು ಅಂತ ಇಲ್ಲ ಅನ್ನಲೂ ಆಗದು. ಜನ ಮೋಸಹೋಗುವುದು ಈ ಎರಡನೆಯದರಲ್ಲೇ ಜಾಸ್ತಿ. ಆ ಜ್ವರ ಸಲೈನ್ ಹಚ್ಚದಿದ್ದರೂ ಹೋಗುತ್ತದೆ. ವೈರಸ್ ಹೋಗುವುದಿಲ್ಲ. ಔಷಧಿ ತೆಗೆದುಕೊಳ್ಳದಿದ್ದರೆ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ರೋಗದ ವಿರುದ್ಧ ಹೋರಾಡುವ ಸಿಡಿ4 ಎಂಬ ರಕ್ತಕಣಗಳು ಕರಗುತ್ತಾ ಹೋಗುತ್ತವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು 200ಕ್ಕಿಂತ ಕೆಳಗಿಳಿದರೆ ಅದನ್ನು ಏಡ್ಸ್ ಅನ್ನುತ್ತೇವೆ. ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರುವುದರಿಂದ ಇನ್ನೊಬ್ಬರಿಗೆ ದಾಟುವ ಅಪಾಯವೂ ಆಗಲೇ ಹೆಚ್ಚು. ಪರೀಕ್ಷೆ ಆಗುವ ತನಕ ಮನೆಯಲ್ಲೂ ನಿರೋಧ್ ಬಳಸು.

ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗು. ದುಡ್ಡು ಕೇಳುವುದಿಲ್ಲ. ಮೂರು ತಿಂಗಳು ದಾಟಿರುವುದರಿಂದ ಈಗ ನೆಗೆಟಿವ್ ಬಂದರೆ ಆ ರಾತ್ರಿಯ ಚಿಂತೆ ಅಲ್ಲಿಗೇ ಬಿಡಬಹುದು. ಮೊದಲ ಕಿಟ್‌ನಲ್ಲಿ ಕಂಡರೂ, ಬೇರೆ ಬೇರೆ ಕಿಟ್‌ಗಳಲ್ಲಿ ಒಟ್ಟು ಮೂರು ಸಲ ನೋಡದೆ ಪಾಸಿಟಿವ್ ಅನ್ನುವುದಿಲ್ಲ. ನಾನು ಅಲ್ಲಿ ಕೌನ್ಸೆಲರ್ ಆಗಿ ಕೂತವಳು. ವರದಿ ಬರುವ ತನಕದ ಆ ಹೊತ್ತು ಎಂಥದ್ದು ಅಂತ ನೋಡಿದ್ದೇನೆ. ನಿನ್ನ ವಯಸ್ಸಿನವನೇ ಒಬ್ಬ, ಟವೆಲ್ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದ. ನೆಗೆಟಿವ್ ಅಂತ ಎರಡು ಸಲ ಹೇಳಿದರೂ ಸುತ್ತುವುದು ನಿಲ್ಲಲಿಲ್ಲ. ಗುರುತಿನವರು ನೋಡುತ್ತಾರೆ ಅಂತ ಹೆದರಿಕೆಯಿದ್ದರೆ ವಿಜಯಪುರಕ್ಕೋ ಬೆಳಗಾವಿಗೋ ಹೋಗು. ನಿನ್ನ ಒಪ್ಪಿಗೆಯಿಲ್ಲದೆ ಫಲಿತಾಂಶ ಬಾಯಿಬಿಡಬಾರದು ಅಂತ 2017ರ ಕಾಯ್ದೆಯೇ ಇದೆ. 1097ಕ್ಕೆ ಫೋನ್ ಮಾಡಿದರೂ ಮಾಹಿತಿ ಕೊಡುತ್ತಾರೆ.

ಇದೆ ಅಂತ ಬಂದರೆ? ಹಿಂದೆ ಮಾತ್ರೆಗಾಗಿ ಹೊಲ ಮಾರಿದವರನ್ನು ನಾನು ಕಂಡಿದ್ದೇನೆ. 2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ, ಅಂದರೆ ಎಚ್‌ಐವಿ ತಡೆಯುವ ಔಷಧಿ, ಪುಕ್ಕಟೆ ಕೊಡಲು ಶುರು ಮಾಡಿತು. 2017ರಿಂದ ಸಿಡಿ4 ಎಷ್ಟೇ ಇರಲಿ, ಗೊತ್ತಾದ ಕೂಡಲೇ ಔಷಧಿ. ಈಗ ಹೆಚ್ಚಿನವರಿಗೆ ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ, ಜೀವನಪೂರ್ತಿ. ಬಾದಾಮಿ ಕಡೆಯ ಒಬ್ಬ ತಾಯಿ ಅದನ್ನು ಎಲೆ-ಅಡಿಕೆ ಚಂಚಿಯ ಒಳಪದರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಊಟವಾದ ಮೇಲೆ ಚಂಚಿ ಬಿಚ್ಚಿದರೆ ಮೊದಲು ಮಾತ್ರೆ, ಆಮೇಲೆ ಎಲೆ. ಒಂದು ದಿನವೂ ತಪ್ಪಿಸಲಿಲ್ಲ. ಹೀಗೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೇ ಉಳಿದರೆ ಗಂಡ ಹೆಂಡತಿ ಕೂಡುವುದರಿಂದ ಅದು ದಾಟುವುದಿಲ್ಲ. ನಡುವೆ ಬಿಟ್ಟರೆ ವೈರಸ್ ಮತ್ತೆ ಏರುತ್ತದೆ, ಮಾತ್ರೆಗೂ ಬಗ್ಗದೆ ಹೋಗಬಹುದು.

ಹೊಟ್ಟೆಯಲ್ಲಿರುವ ಕೂಸಿಗಾಗಿಯೇ ನಾನು ಇಷ್ಟು ಅವಸರ ಮಾಡುತ್ತಿರುವುದು. ತಾಯಿಗೆ ಎಚ್‌ಐವಿ ಇದ್ದು ಏನೂ ಮಾಡದಿದ್ದರೆ ಕೂಸಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ತಾಯಿ ಮಾತ್ರೆ ತೆಗೆದುಕೊಂಡು, ಹುಟ್ಟಿದ ಕೂಡಲೇ ಕೂಸಿಗೂ ಔಷಧಿ ಕುಡಿಸಿದರೆ ಅದು 5ಕ್ಕಿಂತ ಕೆಳಗೆ ಬರುತ್ತದೆ. ನಿನ್ನದು ಪಾಸಿಟಿವ್ ಬಂದರೆ ಅದೇ ದಿನ ಅವಳನ್ನೂ ಕರೆದುಕೊಂಡು ಬಾ. ಒಬ್ಬನೇ ಹೇಳಲು ಬಾಯಿ ಬರದಿದ್ದರೆ ಕೌನ್ಸೆಲರ್ ಎದುರಿಗೆ ಇಬ್ಬರೂ ಕೂತು ಮಾತಾಡಿ. ಅವಳು ಅಳುತ್ತಾಳೆ, ಬೈಯುತ್ತಾಳೆ. ಕೇಳಿಸಿಕೋ. ಮುಂದಿನ ಲೋಡ್ ಮುಗಿಸಿ ಬರ್ತೀನಿ ಅನ್ನಬೇಡ ತಮ್ಮಾ, ಈ ವಾರವೇ ಹೋಗು.

ಪ್ರಶ್ನೆ: ನಮ್ಮ ನಾದಿನಿ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅವಳು ಬಡಿದ ರೊಟ್ಟಿ ಮಕ್ಕಳಿಗೆ ಕೊಡಬೇಡ ಅಂತಾರೆ ಅತ್ತೆ. (ಸಿಂದಗಿಯಿಂದ ಒಬ್ಬ ತಂಗಿ)

ಉತ್ತರ: ಕೊಡು ತಂಗೀ, ನೀನೂ ತಿನ್ನು. ಇದು ದಾಟುವುದು ರಕ್ತ, ವೀರ್ಯ, ಯೋನಿಸ್ರಾವ, ಎದೆಹಾಲಿನಿಂದ. ಎಂಜಲು, ಬೆವರು, ತಾಟು, ಹಾಸಿಗೆ, ಸೊಳ್ಳೆಯಿಂದ ಅಲ್ಲ. ಅತ್ತೆಯವರನ್ನು ಒಮ್ಮೆ ನಾದಿನಿಯ ಜೊತೆ ಎಆರ್‌ಟಿ ಕೇಂದ್ರಕ್ಕೆ ಕಳಿಸು, ಅಲ್ಲಿನವರ ಬಾಯಿಂದಲೇ ಕೇಳಲಿ. ನಾದಿನಿಗೆ ಕೆಮ್ಮು ಬಂದರೆ ಮಾತ್ರ, ಎರಡೇ ದಿನದ್ದಾದರೂ, ಟಿಬಿ ಪರೀಕ್ಷೆ ಮಾಡಿಸಿ. ಎಚ್‌ಐವಿ ಇದ್ದವರಿಗೆ ಟಿಬಿ ಬೇಗ ಹತ್ತುತ್ತದೆ, ಅದಕ್ಕೂ ಔಷಧಿ ಪುಕ್ಕಟೆ ಸಿಗುತ್ತದೆ.