60 ಮಕ್ಕಳ ಹೆಸರು ನೆನಪಿಡೋದು ಹೇಗೆ?

ನಿಮ್ಮ ಪ್ರಶ್ನೆ: ಹೊಸ ತರಗತಿ, 60 ಮಕ್ಕಳು, ದಿನಾ ಹಾಜರಿ ಕೂಗಿದರೂ ತಿಂಗಳ ಕೊನೆಗೆ ಹತ್ತು ಹೆಸರಿಗಿಂತ ಹೆಚ್ಚು ನೆನಪಿಲ್ಲ, ಏನು ಮಾಡಲಿ?

ಹಾಜರಿ ಕೂಗಿದ್ದರಿಂದಲೇ ನೆನಪಿಲ್ಲ ಅಂತೀನಿ. ಹಾಜರಿ ಕೂಗುವಾಗ ನಿಮ್ಮ ಕಣ್ಣು ರಿಜಿಸ್ಟರಿನ ಮೇಲಿರುತ್ತೆ. ಕಿವಿಗೊಂದು ದನಿ ಬೀಳುತ್ತೆ, ಪೆನ್ನು ಗುರುತು ಹಾಕುತ್ತೆ, ಅಷ್ಟರಲ್ಲಿ ಮುಂದಿನ ಹೆಸರು. ಮುಖ ನೋಡಿದ್ದೇ ಇಲ್ಲ. ನೋಟ್‌ಬುಕ್ ತಿದ್ದುವಾಗಲೂ ಇದೇ ಕಥೆ: ಹೆಸರು ಓದಿ ಮುಖ ನೆನೆಸಿಕೊಳ್ಳೋದು ಸುಲಭ. ತರಗತಿಯಲ್ಲಿ ಬೇಕಾಗೋದು ಅದರ ಉಲ್ಟಾ, ಮುಖ ಕಂಡ ಕೂಡಲೇ ಹೆಸರು ಬರಬೇಕು. ಯಾವ ದಿಕ್ಕಿನಲ್ಲಿ ಬೇಕೋ ಆ ದಿಕ್ಕಿನಲ್ಲೇ ಅಭ್ಯಾಸ ಮಾಡಬೇಕು.

ಮುಖ ನೆನಪಿದ್ದು ಹೆಸರು ಮಾತ್ರ ನಾಲಿಗೆ ತುದಿಯಲ್ಲೇ ನಿಂತುಬಿಡೋದು ನಿಮ್ಮೊಬ್ಬರ ದೋಷವಲ್ಲ. ಹೆಸರಿಗೆ ಅಂಟಿಕೊಳ್ಳಲು ಅರ್ಥದ ಗೋಡೆ ಇರಲ್ಲ. 'ಇವರು ಬಡಗಿ' ಅಂದರೆ ಮರ, ಉಳಿ, ಬಾಗಿಲು ಎಲ್ಲ ಜೊತೆಗೆ ಬರುತ್ತೆ. 'ಇವರು ಬಡಿಗೇರ' ಅಂದರೆ ಬರೀ ಒಂದು ಸದ್ದು. ಒಂದೇ ಪದವನ್ನು ಕಸುಬು ಅಂತ ಹೇಳಿದರೆ ನೆನಪಿರುತ್ತೆ, ಮನೆತನದ ಹೆಸರು ಅಂದರೆ ಮರೆತುಹೋಗುತ್ತೆ ಅಂತ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು 1987ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಹಾಗಾಗಿ ಮೊದಲ ಕೆಲಸ ಕಾರ್ಡು. ಎ4 ಹಾಳೆಯನ್ನು ಅಡ್ಡಡ್ಡ ನಾಲ್ಕು ಸಮ ಪಟ್ಟಿಯಾಗಿ ಮಡಚಿ, ಒಂದು ಪಟ್ಟಿಯನ್ನು ಇನ್ನೊಂದರ ಮೇಲೆ ಅಂಟಿಸಿದರೆ ತ್ರಿಕೋನದ ಗುಡಾರ ಆಗುತ್ತೆ, ಡೆಸ್ಕಿನ ಮೇಲೆ ಬೀಳದೆ ನಿಲ್ಲುತ್ತೆ. ದಪ್ಪ ಮಾರ್ಕರ್‌ನಲ್ಲಿ ಎರಡು ಬೆರಳಗಲದ ಅಕ್ಷರ. ಬಾಲ್‌ಪೆನ್ನಿನಲ್ಲಿ ಬರೆದರೆ ಮೂರನೇ ಸಾಲಿನಿಂದಾಚೆ ಕಾಣಲ್ಲ. ಎರಡೂ ಬದಿಗೆ ಬರೆಸಿ, ನೀವು ಹಿಂದೆ ಓಡಾಡುವಾಗಲೂ ಬೇಕು. ರಿಜಿಸ್ಟರಿನ ಹೆಸರಲ್ಲ, ಮಗು ತನ್ನನ್ನು ಹೇಗೆ ಕರೀಬೇಕು ಅನ್ನುತ್ತೋ ಆ ಹೆಸರು. ರಿಜಿಸ್ಟರ್ ಇಂಗ್ಲಿಷಿನಲ್ಲಿದ್ದರೆ ಶರದ, ಶಾರದಾ ಒಂದೇ ಥರ ಕಾಣುತ್ತವೆ. ಮೊದಲ ದಿನವೇ ಕೇಳಿ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಳ್ಳಿ. ಒಂದು ವಾರ ತಪ್ಪಾಗಿ ಕರೆದ ಹೆಸರು ಆಮೇಲೆ ನಾಲಿಗೆಯಿಂದ ಇಳಿಯಲ್ಲ.

ಪಾಠ ಮುಗಿದ ಮೇಲೆ ಕಾರ್ಡುಗಳನ್ನು ನೀವೇ ಇಟ್ಟುಕೊಳ್ಳಿ. ಮಾರನೇ ದಿನ ಮಕ್ಕಳ ಕೈಗೆ ಕಟ್ಟು ಕೊಟ್ಟು ಹಂಚಿಸಬೇಡಿ. ಒಂದು ಸಾಲಿನ ಮುಂದೆ ನಿಂತು, ಮುಖ ನೋಡಿ, ಹೆಸರು ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ಕಾರ್ಡು ಹುಡುಕಿ ಕೊಡಿ. ಬರದಿದ್ದರೆ ಐದು ಸೆಕೆಂಡ್ ತಿಣುಕಾಡಿ, ಆಮೇಲೆ ಕೇಳಿ. ಆ ತಿಣುಕಾಟವೇ ಕಲಿಕೆ. ಪಟ್ಟಿಯನ್ನು ಹತ್ತು ಸಲ ಓದಿದರೆ ಗೊತ್ತಿದೆ ಅನ್ನಿಸುತ್ತೆ, ಅಷ್ಟೇ.

ದಿನಕ್ಕೆ ಎಂಟು ಹೆಸರು ಸಾಕು. ಎಂಟು ದಿನಕ್ಕೆ 60 ಮುಗಿಯಿತು. ಆ ಎಂಟನ್ನು ಒಂದು ನಿಮಿಷದ ನಂತರ, ಐದು ನಿಮಿಷದ ನಂತರ, ಪೀರಿಯಡ್ ಕೊನೆಗೆ, ಸಂಜೆ, ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಕೇಳಿಕೊಳ್ಳಿ. ಹೀಗೆ ಅಂತರ ಹಿಗ್ಗಿಸುತ್ತಾ ಹೋಗುವ ಪದ್ಧತಿಯನ್ನು ಮನಶ್ಶಾಸ್ತ್ರಜ್ಞರಾದ ಲ್ಯಾಂಡವರ್ ಮತ್ತು ಬ್ಯೋರ್ಕ್ 1978ರಲ್ಲಿ ಪರೀಕ್ಷಿಸಿದ್ದೇ ಹೆಸರು ಕಲಿಯುವ ಕೆಲಸದ ಮೇಲೆ. ಸಂಜೆಯ ಸರದಿಗೆ ಬಿಳಿ ಹಾಳೆಯಲ್ಲಿ ಬೆಂಚುಗಳ ಚೌಕ ಎಳೆದು ಹೆಸರು ತುಂಬಿಸಿ. ಖಾಲಿ ಉಳಿದ ಚೌಕಗಳೇ ನಾಳೆಯ ಕೆಲಸ.

ಯಾರಿಂದ ಶುರು ಮಾಡಬೇಕು? ಮಧ್ಯದ ಸಾಲುಗಳ ಮೌನಿಗಳಿಂದ. ಮುಂದಿನ ಬೆಂಚಿನ ಜಾಣರು, ಹಿಂದಿನ ಬೆಂಚಿನ ತರಲೆಗಳು ವಾರದೊಳಗೆ ತಾವಾಗಿಯೇ ನೆನಪಾಗುತ್ತಾರೆ, ಅವರಿಗೆ ನಿಮ್ಮ ಶ್ರಮ ಬೇಕಿಲ್ಲ.

ಎಡವೋದು ಸಾಮಾನ್ಯವಾಗಿ ಎರಡು ಕಡೆ. ಒಂದು, ಮುಖದ ಬದಲು ಜಾಗ ಕಲಿತುಬಿಡೋದು. 'ಕಿಟಕಿ ಪಕ್ಕದ ಎರಡನೆಯವನು' ಅಂತ ತಲೆಯಲ್ಲಿ ಕೂತರೆ, ಅದೇ ಹುಡುಗ ಮೆಟ್ಟಿಲ ಮೇಲೆ ಸಿಕ್ಕಾಗ ಹೆಸರೇ ಹೊಳೆಯಲ್ಲ. ಎರಡನೇ ವಾರದಿಂದ ಜಾಗ ಬದಲಿಸಿ, ಕಾರ್ಡುಗಳನ್ನೂ ದಿನಕ್ಕೊಂದು ಸಾಲಿನಂತೆ ತೆಗೆಸಿ. ಇನ್ನೊಂದು, ಕನ್ನಡಕ, ಜಡೆ, ಸ್ವೆಟರ್ ನೋಡಿ ಗುರುತಿಟ್ಟುಕೊಳ್ಳೋದು. ಕ್ಷೌರ ಮಾಡಿಸಿದ ದಿನ ಆ ಗುರುತು ಹೋಯ್ತು. ಹುಬ್ಬಿನ ನಡುವಿನ ಅಂತರ, ಕಿವಿಯ ಆಕಾರ, ದನಿ ಇವು ಹಾಗೆ ಬದಲಾಗಲ್ಲ. ಒಂದೇ ಹೆಸರಿನವರು ಇಬ್ಬರಿದ್ದರೆ ಇನಿಷಿಯಲ್ ಸೇರಿಸಿ ಕರೆಯಿರಿ, 'ಉದ್ದ', 'ಕುಳ್ಳ' ದಯವಿಟ್ಟು ಬೇಡ, ಇಡೀ ಶಾಲೆ ಅದನ್ನೇ ಎತ್ತಿಕೊಳ್ಳುತ್ತೆ. ಅವಳಿಗಳಿದ್ದರೆ ಬೇರೆ ಬೇರೆ ದಿನದ ಎಂಟರಲ್ಲಿ ಸೇರಿಸಿ.

ಅಕ್ಕನ ಹೆಸರಲ್ಲಿ ತಂಗಿಯನ್ನು ಕರೆದುಬಿಟ್ಟರೆ ನಕ್ಕು ಮುಂದೆ ಹೋಗಬೇಡಿ. ಅಲ್ಲೇ ಸರಿಪಡಿಸಿ, ಸರಿಯಾದ ಹೆಸರನ್ನು ಹತ್ತು ನಿಮಿಷದೊಳಗೆ ಇನ್ನೊಮ್ಮೆ ಬಳಸಿ.

ಕಾಲೇಜಿನ ನೂರಾರು ಜನರ ತರಗತಿಯಾದರೆ ಎಲ್ಲರ ಹೆಸರೂ ಬರಬೇಕೆಂದು ಹಟ ಬೇಡ, ಆದರೆ ಕಾರ್ಡು ಇರಲಿ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕಾರ್ಡು ಬಳಸಿದ ಜೀವಶಾಸ್ತ್ರ ತರಗತಿಯ 78% ವಿದ್ಯಾರ್ಥಿಗಳು ತಮ್ಮ ಹೆಸರು ಮೇಷ್ಟ್ರಿಗೆ ಗೊತ್ತು ಅಂದಿದ್ದರು. ನಿಜವಾಗಿ ಗೊತ್ತಿದ್ದದ್ದು 53% ಜನರದ್ದು. ಮೇಷ್ಟ್ರು ಕಾರ್ಡು ನೋಡಿ ಓದಿದರೂ ಹೆಸರು ಹಿಡಿದು ಮಾತಾಡಿಸಿದ್ದು ಅವರಿಗೆ ಮುಟ್ಟಿದೆ.

ದೊಡ್ಡ ರಜೆ ಕಳೆದು ಬಂದ ಮೇಲೆ ಕಾಲು ಭಾಗ ಹೆಸರು ಹಾರಿಹೋಗಿದ್ದರೆ ಗಾಬರಿಯಾಗಬೇಡಿ. ಶಾಲೆ ಶುರುವಾಗೋ ಹಿಂದಿನ ಸಂಜೆ ಆ ಬೆಂಚಿನ ಚೌಕವನ್ನು ಮತ್ತೊಮ್ಮೆ ಖಾಲಿ ಹಾಳೆಯಲ್ಲಿ ಎಳೆದು ತುಂಬಿಸಿ. ಎರಡನೇ ಸಲಕ್ಕೆ ಅರ್ಧ ಗಂಟೆಯೂ ಹಿಡಿಯಲ್ಲ.