ಹಳದಿ ಬ್ಯಾಡ್ಜಿನ ಮೇಲಿನ ಹೆಸರು

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಹುಬ್ಬಳ್ಳಿಯಲ್ಲಿ ಬಿಎಸ್ಸಿ ನರ್ಸಿಂಗ್, ಅಲ್ಲೇ ಮಕ್ಕಳ ವಾರ್ಡಿನಲ್ಲಿ ಎರಡು ವರ್ಷ ಕೆಲಸ, ಡಿಸಿ ಕಚೇರಿಯಿಂದ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ, ಇಂಗ್ಲಿಷ್ ಪರೀಕ್ಷೆ ಪಾಸು. ಈಗ ಇಂಗ್ಲೆಂಡಿಗೆ ಬರುವ ಯೋಚನೆ. ನೀನು ಕೇಳಿದ್ದು ನಾಲ್ಕು ಪ್ರಶ್ನೆ. ನನ್ನಂಥವಳನ್ನು ಅಲ್ಲಿ ಮಕ್ಕಳ ಹತ್ತಿರ ಬಿಡ್ತಾರಾ ಅಕ್ಕ? ಅಪ್ಪ ಅಮ್ಮಂದಿರು ಏನಂತಾರೆ? ಹಳೇ ಹೆಸರು ಅಲ್ಲಿಗೂ ಬರುತ್ತಾ? ಬಟ್ಟೆ ಬದಲಿಸೋದು ಎಲ್ಲಿ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬಿಡ್ತಾರೆ. ನಾನು ದಾವಣಗೆರೆ ಬಿಟ್ಟು ಇಲ್ಲಿಗೆ ಬಂದದ್ದು 2016ರಲ್ಲಿ. ಮೊದಲು ದೊಡ್ಡವರ ವಾರ್ಡು. ಆಮೇಲೆ ಇಲ್ಲೇ ಮಕ್ಕಳ ನರ್ಸಿಂಗ್ ಓದಿದೆ. ಈಗ ಐದು ವರ್ಷದಿಂದ ಮಕ್ಕಳ ವಾರ್ಡಿನಲ್ಲೇ ಇದ್ದೇನೆ. ಇಲ್ಲಿನ 2010ರ ಸಮಾನತೆ ಕಾಯ್ದೆ ನಮ್ಮಂಥವರನ್ನು ಕೆಲಸದಿಂದ ದೂರ ಇಡುವಂತಿಲ್ಲ ಎನ್ನುತ್ತದೆ. ಅದಕ್ಕೆ ಆಪರೇಷನ್ ಆಗಿರಬೇಕು ಅಂತೇನೂ ಇಲ್ಲ. ಸಂದರ್ಶನದಲ್ಲಿ ನೀನಾಗಿ ಹೇಳಬೇಕಾದ ಅಗತ್ಯವೂ ಇಲ್ಲ.

ಆದರೆ ನಿನ್ನ ಹೆದರಿಕೆಯ ಪಟ್ಟಿ ತಲೆಕೆಳಗಾಗಿದೆ ಅನ್ನಿಸಿತು. ನೀನು ಮಗುವಿನ ಅಪ್ಪ ಅಮ್ಮನಿಗೆ ಹೆದರುತ್ತಿದ್ದೀಯ. ನನಗೆ ಇಲ್ಲಿ ನಿಜವಾಗಿ ನಿದ್ದೆ ಕೆಡಿಸಿದ್ದು ಕಾಗದಪತ್ರ, ಆಮೇಲೆ ಬಟ್ಟೆ ಬದಲಿಸುವ ಕೋಣೆ. ಅದಕ್ಕೇ ಮೂರನೇ ಪ್ರಶ್ನೆಯಿಂದ ಶುರು ಮಾಡ್ತೀನಿ.

ಇಲ್ಲಿ ನರ್ಸಾಗಿ ದುಡಿಯಲು ಎನ್‌ಎಂಸಿ ಎಂಬ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು ಅಂತ ನಿನಗೆ ಗೊತ್ತು. ಕಂಪ್ಯೂಟರಿನಲ್ಲಿ ಉತ್ತರಿಸುವ ನರ್ಸಿಂಗ್ ಪರೀಕ್ಷೆಯನ್ನು ಅಲ್ಲೇ ಬರೆಯಬಹುದು. ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಗೆ ಇಲ್ಲಿಗೆ ಬರಬೇಕು. ಅದಕ್ಕೆಲ್ಲ ಮೊದಲು ನೋಡಬೇಕಾದದ್ದು ಹೆಸರು. ಪಾಸ್‌ಪೋರ್ಟಿನಲ್ಲಿ ಒಂದು, ಡಿಗ್ರಿಯಲ್ಲಿ ಇನ್ನೊಂದು, ಕರ್ನಾಟಕದ ನರ್ಸಿಂಗ್ ಕೌನ್ಸಿಲ್ ದಾಖಲೆಯಲ್ಲಿ ಮತ್ತೊಂದು ಇದ್ದರೆ ಪ್ರತಿ ಮೆಟ್ಟಿಲಲ್ಲೂ ನಿಂತು ಕಥೆ ಹೇಳಬೇಕಾಗುತ್ತದೆ. ಕೌನ್ಸಿಲ್‌ನವರು ನಿನ್ನ ನೋಂದಣಿಯನ್ನು ದೃಢಪಡಿಸಿ ಕಳಿಸುವ ಕಾಗದ ನಿನ್ನ ಕೈಗೆ ಬರುವುದಿಲ್ಲ, ನೇರ ಎನ್‌ಎಂಸಿಗೇ ಹೋಗುತ್ತದೆ. ಅದರಲ್ಲಿ ಹಳೇ ಹೆಸರಿದ್ದರೆ ನೀನು ತಡೆಯಲಾರೆ. ನಿನ್ನ ಹತ್ತಿರ ಡಿಸಿ ಕೊಟ್ಟ ಪ್ರಮಾಣಪತ್ರ ಇದೆ. 2019ರ ಕಾಯ್ದೆಯಡಿ ಅದನ್ನಿಟ್ಟುಕೊಂಡು ಉಳಿದ ದಾಖಲೆಗಳಲ್ಲಿ ಹೆಸರು ಬದಲಿಸಿ ಅಂತ ಕೇಳುವ ಹಕ್ಕಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಯೂನಿವರ್ಸಿಟಿ, ಕೌನ್ಸಿಲ್, ಪಾಸ್‌ಪೋರ್ಟ್, ಬ್ಯಾಂಕು. ಓಡಾಟ ಜಾಸ್ತಿ, ಗೊತ್ತು. ಆದರೂ ವಿಮಾನ ಹತ್ತುವ ಮುಂಚೆ ಮುಗಿಸು.

ನಾನು ಮುಗಿಸಲಿಲ್ಲ. ಹಳೇ ಹೆಸರಲ್ಲೇ ಬಂದೆ, ಇಲ್ಲಿ ಬಂದು ಬದಲಾದೆ. ಪಾಸ್‌ಪೋರ್ಟಿನ ಹೆಸರು ಬದಲಿಸಲು ಪೇಪರಿನಲ್ಲಿ ಜಾಹೀರಾತು ಕೊಡಬೇಕಾಯಿತು. 'ಇಂಥವನು ಇನ್ನು ಮುಂದೆ ಇಂಥವಳು' ಅನ್ನುವ ಮೂರು ಸಾಲು ನಮ್ಮೂರಿನ ಪೇಪರಿನಲ್ಲಿ ಅಚ್ಚಾಯಿತು. ಅಮ್ಮನಿಗೆ ನಾನು ಹೇಳುವ ಮುಂಚೆ ಕಿರಾಣಿ ಅಂಗಡಿಯವರು ಹೇಳಿದರು. ಅದೊಂದು ಬೇರೆಯದೇ ಕಥೆ.

ಇಲ್ಲೂ ಸುಮ್ನೆ ಆಗಲಿಲ್ಲ. ಹೆಸರು ಬದಲಾದ ಕಾಗದ ಕೊಟ್ಟು ಎರಡು ತಿಂಗಳಾಗಿತ್ತು. ಆಗ ನಾನಿದ್ದ ಆಸ್ಪತ್ರೆಯಲ್ಲಿ ಡ್ಯೂಟಿ ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ನನ್ನ ಹಳೇ ಹೆಸರು ದಪ್ಪಕ್ಷರದಲ್ಲಿ ಮೂರು ಕಡೆ. ಅಲ್ಲಿಯವರೆಗೆ ಗೊತ್ತಿಲ್ಲದವರಿಗೆಲ್ಲ ಚಹಾ ಹೊತ್ತಿಗೆ ಗೊತ್ತಾಗಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ಸಂಬಳದ ಕಂಪ್ಯೂಟರ್ ಬೇರೆ, ಡ್ಯೂಟಿ ಪಟ್ಟಿಯ ಕಂಪ್ಯೂಟರ್ ಬೇರೆ, ಒಂದರಲ್ಲಿ ತಿದ್ದಿ ಇನ್ನೊಂದನ್ನು ಮರೆತಿದ್ದರು. ಆದರೆ ಅಷ್ಟು ಸಾಕಾಗುತ್ತೆ ಅಲ್ವಾ? ಕೆಲಸಕ್ಕೆ ಸೇರಿದ ದಿನವೇ ಕೇಳು, ನನ್ನ ಹೆಸರು ಯಾವ ಯಾವ ಕಡೆ ಇದೆ ಅಂತ. ಡ್ಯೂಟಿ ಪಟ್ಟಿ, ಇಮೇಲ್, ಗುರುತಿನ ಚೀಟಿ, ಔಷಧ ಕೊಡುವ ಕಂಪ್ಯೂಟರ್ ಲಾಗಿನ್, ಎಲ್ಲ.

ಮಕ್ಕಳ ಜೊತೆ ಕೆಲಸ ಅಂದ ಮೇಲೆ ಡಿಬಿಎಸ್ ಎಂಬ ಸರ್ಕಾರಿ ಸಂಸ್ಥೆಯ ತಪಾಸಣೆ ಇರುತ್ತದೆ. ಅಪರಾಧದ ದಾಖಲೆ, ಮಕ್ಕಳ ಕೆಲಸದಿಂದ ನಿಷೇಧಿಸಿದವರ ಪಟ್ಟಿ, ಎರಡೂ ನೋಡುತ್ತಾರೆ. ಅರ್ಜಿಯಲ್ಲಿ ಈವರೆಗೆ ಇದ್ದ ಎಲ್ಲ ಹೆಸರೂ ಬರೆಯಬೇಕು. ಅದನ್ನು ಭರ್ತಿ ಮಾಡಿಸಿಕೊಳ್ಳುವುದು ಆಸ್ಪತ್ರೆಯ ಎಚ್‌ಆರ್. ಅಲ್ಲಿಗೆ ಗುಟ್ಟು ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲ. ಡಿಬಿಎಸ್‌ನಲ್ಲಿ ನಮ್ಮಂಥವರ ಅರ್ಜಿಗೆ ಅಂತಲೇ ಒಂದು ಪ್ರತ್ಯೇಕ ತಂಡ ಇದೆ, 'ಸೆನ್ಸಿಟಿವ್ ಅಪ್ಲಿಕೇಷನ್ಸ್' ಅನ್ನುತ್ತಾರೆ. ಅರ್ಜಿ ಹಾಕುವ ಮುಂಚೆ ಅವರಿಗೆ ಫೋನ್ ಮಾಡಿದರೆ ಹಳೇ ಹೆಸರನ್ನು ಅವರಿಗೆ ಮಾತ್ರ ಹೇಳಬಹುದು. ಆಸ್ಪತ್ರೆಯ ಅರ್ಜಿಯಲ್ಲಿ ಬರೆಯಬೇಕಿಲ್ಲ. ತಪಾಸಣೆ ಪೂರ್ತಿಯೇ ಆಗುತ್ತದೆ, ಯಾವ ರಿಯಾಯಿತಿಯೂ ಇಲ್ಲ. ಏಜೆಂಟರಿಗೆ ಇದು ಗೊತ್ತಿರುವುದಿಲ್ಲ. ಅಂದ ಹಾಗೆ, ಯಾವ ಏಜೆಂಟನಿಗೂ ದುಡ್ಡು ಕೊಡಬೇಡ. ವಿದೇಶದಿಂದ ನರ್ಸುಗಳನ್ನು ತರಿಸುವಾಗ ಅವರಿಂದ ಕಮಿಷನ್ ತಗೊಳ್ಳಬಾರದು ಅಂತ ಇಲ್ಲಿನ ನಿಯಮವೇ ಇದೆ.

ಈಗ ಮಕ್ಕಳು.

ಒಂದು ಮಧ್ಯಾಹ್ನ. ಆರು ವರ್ಷದ ಹುಡುಗ, ಕೈಗೆ ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಔಷಧ ಬಿಡುವ ಸಣ್ಣ ಕೊಳವೆ, ಹಾಕಬೇಕು. ಇಲ್ಲಿ ಮಕ್ಕಳಿಗೆ ಸೂಜಿ ಚುಚ್ಚುವ ಮುಂಚೆ ಚರ್ಮ ಜೋಮು ಹಿಡಿಸುವ ಮುಲಾಮು ಹಚ್ಚುತ್ತೇವೆ. ವಾರ್ಡಿನಲ್ಲಿ ಅದಕ್ಕೆ ಮ್ಯಾಜಿಕ್ ಕ್ರೀಮ್ ಅಂತಲೇ ಹೆಸರು. ಹಚ್ಚಿ, ಮೇಲೆ ಪ್ಲಾಸ್ಟರ್ ಅಂಟಿಸಿ, ಮುಕ್ಕಾಲು ಗಂಟೆ ಕಾಯಬೇಕು. ಆ ಮುಕ್ಕಾಲು ಗಂಟೆ ಮಗುವನ್ನು ಸಂಭಾಳಿಸುವುದೇ ದೊಡ್ಡ ಕೆಲಸ. ನಾನು ಕಥೆ ಪುಸ್ತಕ ತೆಗೆದೆ. ಎರಡು ಪುಟ ಓದಿರಬೇಕು, ಅವನು ಚಿತ್ರ ಬಿಟ್ಟು ನನ್ನ ಗಂಟಲನ್ನೇ ನೋಡುತ್ತಿದ್ದ. 'ನಿನ್ನ ದನಿ ಯಾಕೆ ನಮ್ಮ ತಾತನ ದನಿ ಥರ ಇದೆ?' ಅಂದ. ಪಕ್ಕದಲ್ಲಿದ್ದ ತಾಯಿಯ ಮುಖ ಕೆಂಪಾಯಿತು. 'ನನ್ನ ದನಿ ಇರೋದೇ ಹಾಗೆ, ದಪ್ಪ' ಅಂದೆ. ಅವನು ಸ್ವಲ್ಪ ಯೋಚಿಸಿದ. 'ಹಾಗಾದ್ರೆ ಕರಡಿ ಮಾತೆಲ್ಲ ನೀನು ಓದು, ಮೊಲದ್ದು ಅಮ್ಮ ಓದಲಿ' ಅಂತ ಪುಸ್ತಕವನ್ನು ನಮ್ಮಿಬ್ಬರ ಮಧ್ಯೆ ತಳ್ಳಿದ. ಕ್ಯಾನುಲಾ ಒಳಗೆ ಹೋಗುವಾಗಲೂ ಕರಡಿ ಗುರ್ ಅನ್ನುತ್ತಲೇ ಇತ್ತು. ಮೂರು ದಿನ ಆ ಹುಡುಗ ನನ್ನನ್ನು ಕರಡಿ ಅಂತಲೇ ಕರೆದ.

ದನಿ ಸಣ್ಣದು ಮಾಡಿಕೊಳ್ಳಲು ನಾನು ಎಷ್ಟೋ ತಿಂಗಳು ಅಭ್ಯಾಸ ಮಾಡಿದ್ದೆ. ಆಮೇಲೆ ಬಿಟ್ಟುಬಿಟ್ಟೆ.

ನಮ್ಮ ಕಡೆ ಏನು ನೋಡಿದ್ದೇನೆ ಗೊತ್ತಾ? ಮನೆಯಲ್ಲಿ ಮಗು ಹುಟ್ಟಿದರೆ ಮಂಗಳಮುಖಿಯರು ಬಂದು ಮಗುವಿನ ತಲೆ ಮುಟ್ಟಿ ಹರಸಲಿ ಅಂತಾರೆ. ಎತ್ತಿ ಆಡಿಸಲೂ ಕೊಡ್ತಾರೆ, ನೋಟು ಇಡ್ತಾರೆ. ಅದೇ ಮಗುವಿಗೆ ಎರಡು ವರ್ಷವಾದ ಮೇಲೆ 'ಊಟ ಮಾಡದಿದ್ರೆ ಅವರಿಗೆ ಹಿಡಿದುಕೊಡ್ತೀನಿ ನೋಡು' ಅಂತ ಹೆದರಿಸ್ತಾರೆ. ಹರಸುವ ಕೈ ಬೇಕು, ಥರ್ಮಾಮೀಟರ್ ಹಿಡಿದ ಕೈ ಬೇಡ. ಇಲ್ಲಿ ಹರಸು ಅಂತ ಯಾರೂ ಕರೆಯುವುದಿಲ್ಲ. ಹೆದರಿಸಲು ನನ್ನ ಹೆಸರು ಬಳಸಿದ್ದೂ ಕೇಳಿಲ್ಲ. ನನಗೆ ಅಷ್ಟು ಸಾಕು.

ಅಪ್ಪ ಅಮ್ಮಂದಿರಲ್ಲಿ ಕಸಿವಿಸಿ ಪಡುವವರು ಇದ್ದಾರೆ, ಇಲ್ಲ ಅನ್ನಲ್ಲ. ಐದು ವರ್ಷದಲ್ಲಿ ಬಾಯಿಬಿಟ್ಟು 'ಬೇರೆ ನರ್ಸ್ ಕೊಡಿ' ಅಂದವರು ಇಬ್ಬರು. ಅವರಲ್ಲಿ ಒಬ್ಬರಿಗೆ ನನ್ನ ಬಣ್ಣ ತೊಂದರೆಯಾಗಿತ್ತೋ ಉಳಿದದ್ದೋ, ಇವತ್ತಿಗೂ ತಿಳಿದಿಲ್ಲ. ಇಂಥದ್ದನ್ನು ನೀನು ಬಗೆಹರಿಸಲು ಹೋಗಬೇಡ. ವಾರ್ಡ್ ಮ್ಯಾನೇಜರ್‌ಗೆ ಹೇಳು, ಆ ಹೊತ್ತೇ ಬರೆದಿಡು. ಮಗುವಿನ ಒಳಬಟ್ಟೆ ತೆಗೆಯಬೇಕಾದ ಯಾವ ಕೆಲಸಕ್ಕೂ ಜೊತೆಗೆ ತಾಯಿ ಅಥವಾ ಇನ್ನೊಬ್ಬ ನರ್ಸ್ ಇರಲಿ. ಇದು ನಿನಗೆ ಮಾತ್ರದ ನಿಯಮ ಅಂತ ಮುಖ ಸಣ್ಣ ಮಾಡಿಕೊಳ್ಳಬೇಡ, ಗಂಡು ನರ್ಸುಗಳೂ ಹಾಗೇ ಮಾಡ್ತಾರೆ. ಉಳಿದಂತೆ ಅಪ್ಪ ಅಮ್ಮಂದಿರು ನೋಡುವುದು ಬೇರೆಯದನ್ನೇ. ಮಗುವಿನ ತೂಕ ಸರಿಯಾಗಿ ತೆಗೆದಳಾ, ಔಷಧದ ಲೆಕ್ಕ ಇನ್ನೊಬ್ಬ ನರ್ಸಿಗೆ ತೋರಿಸಿ ಕೊಟ್ಟಳಾ, ರಾತ್ರಿ ಮೂರಕ್ಕೆ ಬೆಲ್ ಹೊಡೆದರೆ ಬಂದಳಾ.

ನಾಲ್ಕನೇ ಪ್ರಶ್ನೆಗೆ ಸಿಹಿ ಹಚ್ಚಿ ಉತ್ತರ ಕೊಡಲಾರೆ. 2025ರ ಏಪ್ರಿಲ್ 16ರಂದು ಇಲ್ಲಿನ ಸುಪ್ರೀಂ ಕೋರ್ಟ್, ಸಮಾನತೆ ಕಾಯ್ದೆಯಲ್ಲಿ 'ಹೆಣ್ಣು' ಅಂದರೆ ಹುಟ್ಟಿನಿಂದ ಹೆಣ್ಣು ಅಂತ ತೀರ್ಪು ಕೊಟ್ಟಿತು. ನಮ್ಮ ಮೇಲೆ ತಾರತಮ್ಯ ಮಾಡಬಾರದು ಅನ್ನುವ ರಕ್ಷಣೆ ಹಾಗೇ ಇದೆ ಅಂತಲೂ ಹೇಳಿತು. ಆದರೆ ಹೆಂಗಸರ ಬಟ್ಟೆ ಬದಲಿಸುವ ಕೋಣೆಯ ವಿಷಯ ಬಿಗಿಯಾಯಿತು. ನಮ್ಮಂಥವರ ಜೊತೆ ಬಟ್ಟೆ ಬದಲಿಸಲು ಒಪ್ಪದ ಆಸ್ಪತ್ರೆ ನರ್ಸುಗಳೇ ಇದಕ್ಕಾಗಿ ಟ್ರಿಬ್ಯುನಲ್, ಅಂದರೆ ಕೆಲಸದ ತಕರಾರುಗಳ ಕೋರ್ಟಿನ, ಮೆಟ್ಟಿಲು ಹತ್ತಿದ್ದಾರೆ. ನಾನು ವರ್ಷಗಟ್ಟಲೆ ಎಲ್ಲರ ಜೊತೆ ಬದಲಿಸುತ್ತಿದ್ದ ಕೋಣೆಗೆ ಈಗ ಹೋಗುವುದಿಲ್ಲ. ಕಾರಿಡಾರಿನ ಕೊನೆಯಲ್ಲಿ ಒಂದು ಚಿಕ್ಕ ಕೋಣೆಯ ಬೀಗದ ಕೈ ಕೊಟ್ಟಿದ್ದಾರೆ. ಒಳಗೆ ಒಂದು ಕುರ್ಚಿ, ಒಂದು ಕನ್ನಡಿ, ಯಾರೋ ಬಿಟ್ಟುಹೋದ ಎರಡು ಜೊತೆ ಗಾಲಿಕುರ್ಚಿ ಚಕ್ರ. ಬೀಗದ ಕೈ ಕೊಡುವಾಗ ಮ್ಯಾನೇಜರ್ ತುಂಬಾ ಸಂಕೋಚಪಟ್ಟರು. ಒಂದು ಲೆಕ್ಕದಲ್ಲಿ ನೆಮ್ಮದಿಯೇ. ಆದರೆ ಬೆಳಿಗ್ಗೆ ಬಟ್ಟೆ ಬದಲಿಸುವಾಗ ಆಗುತ್ತಿದ್ದ ಹರಟೆ ತಪ್ಪಿಹೋಯಿತು. ಯಾರ ಮಗಳಿಗೆ ಯಾವ ಶಾಲೆ, ಯಾರ ಮನೆ ಬಾಯ್ಲರ್ ಕೆಟ್ಟಿತು, ಅದೆಲ್ಲ ನನಗೀಗ ಎರಡು ದಿನ ತಡವಾಗಿ ತಿಳಿಯುತ್ತದೆ. ನೀನು ಸೇರುವ ಮುಂಚೆಯೇ ಇಮೇಲ್‌ನಲ್ಲಿ ಕೇಳು, ನಾನು ಎಲ್ಲಿ ಬಟ್ಟೆ ಬದಲಿಸಲಿ ಅಂತ. ಮೊದಲ ದಿನ ಬಾಗಿಲ ಮುಂದೆ ನಿಂತು ಕೇಳುವುದು ಬೇಡ.

ಇನ್ನೊಂದು ವಿಷಯ. ಈ ದೇಶದಲ್ಲಿ 'ಟ್ರಾನ್ಸ್' ಮತ್ತು 'ಮಕ್ಕಳು' ಅನ್ನುವ ಎರಡು ಪದ ಒಟ್ಟಿಗೆ ಬಂದರೆ ಜನರ ತಲೆ ಬೇರೆ ಕಡೆ ಓಡುತ್ತದೆ. ಮಕ್ಕಳಿಗೆ ಹಾರ್ಮೋನ್ ಚಿಕಿತ್ಸೆ ಕೊಡಬೇಕಾ ಬೇಡವಾ ಅನ್ನುವ ಜಗಳ ಅದು. ಮಕ್ಕಳ ವೈದ್ಯೆ ಹಿಲರಿ ಕಾಸ್ ಅವರ ವರದಿ 2024ರ ಏಪ್ರಿಲ್‌ನಲ್ಲಿ ಬಂದ ಮೇಲೆ ಕಾಫಿ ಕೋಣೆಯಲ್ಲಿ ನನ್ನನ್ನು ಕೇಳದವರಿಲ್ಲ. ನಾನು ಜ್ವರ, ಉಬ್ಬಸ, ಮುರಿದ ಕೈ ನೋಡುವ ನರ್ಸ್. ಆ ಜಗಳಕ್ಕೆ ನನ್ನನ್ನು ವಕೀಲಳಾಗಿ ನಿಲ್ಲಿಸಬೇಡಿ ಅಂತ ನಗುತ್ತಲೇ ಹೇಳಿಬಿಟ್ಟೆ. ನೀನೂ ಒಂದು ಸಾಲು ರೆಡಿ ಇಟ್ಟುಕೋ.

ಒಳ್ಳೆಯದನ್ನೂ ಹೇಳಬೇಕು. ನಮ್ಮಂಥವರಿಗೆ ಬೆಂಬಲ ತೋರಿಸಲು ಕೆಲವು ಆಸ್ಪತ್ರೆಗಳಲ್ಲಿ ಹಾಕಿಕೊಳ್ಳುವ ಕಾಮನಬಿಲ್ಲಿನ ಬ್ಯಾಡ್ಜ್ ಶುರುವಾದದ್ದೇ ಒಂದು ಮಕ್ಕಳ ಆಸ್ಪತ್ರೆಯಲ್ಲಿ, ಲಂಡನ್ನಿನ ಎವಲಿನಾದಲ್ಲಿ, 2018ರಲ್ಲಿ. ಅದು ಎದೆಯ ಮೇಲಿದ್ದವರೆಲ್ಲ ನಿನ್ನ ಕಡೆಯವರು ಅಂತ ತಿಳಿಯಬೇಡ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇನ್ನೊಂದು ಬ್ಯಾಡ್ಜ್, ನಮ್ಮ ಹೆಸರು ಬರೆದ ಹಳದಿಯದು. ಕೇಟ್ ಗ್ರೇಂಜರ್ ಅನ್ನುವ ಡಾಕ್ಟರ್ ಕ್ಯಾನ್ಸರ್ ಆಗಿ ತಾವೇ ರೋಗಿಯಾಗಿ ಮಲಗಿದ್ದಾಗ, ಬಂದುಹೋಗುವ ಎಷ್ಟೋ ಜನ ತಮ್ಮ ಹೆಸರೇ ಹೇಳುತ್ತಿಲ್ಲ ಅಂತ ಗಮನಿಸಿದರು. 2013ರಲ್ಲಿ 'ಹಲೋ ಮೈ ನೇಮ್ ಈಸ್' ಅಂತ ಆಂದೋಲನ ಶುರು ಮಾಡಿದರು. 2016ರಲ್ಲಿ ತೀರಿಕೊಂಡರು. ಈಗ ಪ್ರತಿ ಮಂಚದ ಹತ್ತಿರ ಹೋದಾಗಲೂ ಮೊದಲು ಹೇಳಬೇಕಾದದ್ದು ನಮ್ಮ ಹೆಸರು. ಒಂದು ಪಾಳಿಯಲ್ಲಿ ಇಪ್ಪತ್ತು ಸಲ ಹೇಳ್ತೀನಿ. ನಾನೇ ಇಟ್ಟುಕೊಂಡ ಹೆಸರು. ಮೊದಲ ವಾರ ಅದನ್ನು ಹೇಳಲೆಂದೇ ಸುಮ್ನೆ ಇನ್ನೊಂದು ಮಂಚದ ಹತ್ತಿರ ಹೋಗಿದ್ದುಂಟು.

ಚಿಲ್ಲರೆ ಮಾತು ಕೆಲವು. ಹಾರ್ಮೋನ್ ಮಾತ್ರೆ ಡಾಕ್ಟರ ಚೀಟಿಯ ಜೊತೆ ಕೆಲವು ತಿಂಗಳಿಗಾಗುವಷ್ಟು ತಾ. ಇಲ್ಲಿ ಜೆಂಡರ್ ಕ್ಲಿನಿಕ್ಕಿನ ಸರದಿ ವರ್ಷಗಟ್ಟಲೆ. ಪಾಸ್‌ಪೋರ್ಟಿನಲ್ಲಿ ಲಿಂಗದ ಜಾಗದಲ್ಲಿ ಟಿ (ಟ್ರಾನ್ಸ್‌ಜೆಂಡರ್) ಬರೆಸಲಾ ಎಫ್ (ಹೆಣ್ಣು) ಬರೆಸಲಾ ಅಂತ ಯೋಚಿಸುತ್ತಿದ್ದರೆ ಒಂದು ನೆನಪಿಡು. ನಮ್ಮಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮೂರನೇ ಲಿಂಗ ಇಲ್ಲಿನ ಕಾನೂನಿನಲ್ಲಿ ಇಲ್ಲ. ಇಲ್ಲಿ ಎಲ್ಲ ಅರ್ಜಿಯಲ್ಲೂ ಎರಡೇ ಚೌಕ ಅಂದುಕೊಂಡೇ ಬಾ. ಕನ್ನಡದವರ ಯುಗಾದಿ, ರಾಜ್ಯೋತ್ಸವ ಇಲ್ಲೂ ನಡೆಯುತ್ತವೆ. ನಾನು ಎರಡು ವರ್ಷ ಹೋಗಲಿಲ್ಲ, ಆಮೇಲೆ ಹೋದೆ. ಕೆಲವರು ಮಾತಾಡಿಸ್ತಾರೆ, ಕೆಲವರು ಹೋಳಿಗೆ ಬಡಿಸಿ ಮುಂದೆ ಹೋಗ್ತಾರೆ. ಹೋಳಿಗೆ ಚೆನ್ನಾಗಿತ್ತು.

ಬರಲೇಬೇಕಾ ಅನ್ನುವುದನ್ನೂ ಒಮ್ಮೆ ಯೋಚಿಸು. ಎರಡು ಮೂರು ವರ್ಷದ ಹಿಂದಿನಷ್ಟು ಸುಲಭವಾಗಿ ಈಗ ಇಲ್ಲಿ ಹೊರದೇಶದ ನರ್ಸುಗಳಿಗೆ ಕೆಲಸ ಸಿಗುತ್ತಿಲ್ಲ. ಅಲ್ಲಿ ಕರ್ನಾಟಕ ಸರ್ಕಾರ 2021ರಿಂದ ತನ್ನ ನೌಕರಿಗಳಲ್ಲಿ ನಮಗೆ ಶೇ 1 ಮೀಸಲಿಟ್ಟಿದೆ. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದೇ. ತಮಿಳುನಾಡಿನ ಅನ್ಬು ರೂಬಿ 2019ರಲ್ಲಿ ಸರ್ಕಾರಿ ನರ್ಸ್ ಹುದ್ದೆಯ ಆದೇಶ ಪತ್ರ ಹಿಡಿದು ನಿಂತ ಫೋಟೋ ನೋಡಿದ ದಿನ ನಾನು ಇಲ್ಲಿ ಕೂತು ಹೊಟ್ಟೆಕಿಚ್ಚು ಪಟ್ಟಿದ್ದೆ. ನಿಜ ಹೇಳ್ತಿದ್ದೀನಿ. ಹಾಗಾಗಿ ಅಲ್ಲಿನ ಅರ್ಜಿಯನ್ನೂ ಹಾಕಿಡು, ಇಲ್ಲಿಯದನ್ನೂ ಹಾಕು.

ಬಂದೇ ಬರುವುದಾದರೆ ಮೊದಲು ಕೌನ್ಸಿಲ್ ದಾಖಲೆಯಲ್ಲಿ ಹೆಸರು ತಿದ್ದಿಸಿ ನನಗೆ ತಿಳಿಸು. ಇಂಗ್ಲಿಷಿನಲ್ಲಿ ಅದರ ಸ್ಪೆಲಿಂಗ್ ಏನು ಅಂತ ಈಗಲೇ ಗಟ್ಟಿ ಮಾಡಿಕೋ. ನನ್ನ ಹಳದಿ ಬ್ಯಾಡ್ಜನ್ನು ಎರಡು ಸಲ ತಪ್ಪಾಗಿ ಅಚ್ಚು ಹಾಕಿ, ಮೂರನೇ ಸಲ ಸರಿ ಮಾಡಿ ಕೊಟ್ಟರು.

ನಿನ್ನ ಅಕ್ಕ