ಅಮ್ಮನಿಗೆ ಮರೆವು ಬಂದಿದ್ದು ಯಾರಿಂದ?

ಮಾಲತಿಯವರಿಗೆ 53 ವರ್ಷ, ಅವರ ತಾಯಿಗೆ 78. (ಹೆಸರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.) ತಾಯಿಗೆ ಅಲ್ಜೈಮರ್ ಎಂಬ ಮರೆವಿನ ಕಾಯಿಲೆ ಇದೆ ಎಂದು ನರರೋಗ ತಜ್ಞರು ಹೇಳಿ ಕೆಲವು ತಿಂಗಳಾಗಿತ್ತು. ಆರೈಕೆಯ ಬಗ್ಗೆ ಮಾತಾಡಬೇಕು ಎಂದು ನನ್ನ ಬಳಿ ಬಂದ ಮಾಲತಿಯವರು ಆರೈಕೆಯ ಮಾತೇ ಎತ್ತಲಿಲ್ಲ. ಬಂದಿದ್ದು ಎರಡೇ ವಿಷಯ. ಒಂದು ಅಣ್ಣನ ಮೇಲಿನ ಸಿಟ್ಟು, ಇನ್ನೊಂದು ಬ್ಯಾಗಿನಲ್ಲಿದ್ದ ಸಣ್ಣ ನೋಟ್‌ಬುಕ್.

ತಂದೆ ತೀರಿಕೊಂಡ ಮೇಲೆ ಅಣ್ಣ ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಿದ್ದರು. ವರ್ಷ ತುಂಬುವುದರೊಳಗೆ ತಾಯಿ ಕೇಳಿದ್ದನ್ನೇ ಕೇಳತೊಡಗಿದರು, ಬಚ್ಚಲಮನೆ ಯಾವ ಕಡೆ ಎಂದು ತಡಕಾಡತೊಡಗಿದರು. "ಅಲ್ಲಿಗೆ ಹೋಗೋವರೆಗೂ ಅಮ್ಮ ಚೆನ್ನಾಗೇ ಇದ್ರು. ಅತ್ತಿಗೆ ಒಂದು ಕೆಲಸ ಮುಟ್ಟೋಕೂ ಬಿಡ್ಲಿಲ್ಲ. ಸುಮ್ನೆ ಕೂತೂ ಕೂತೂ ತಲೆ ಮಂಕಾಯ್ತು" ಎನ್ನುವುದು ಮಾಲತಿಯವರ ವಾದ. ತಂಗಿ ಬಂದು ನೋಡುವುದೇ ಅಪರೂಪವಾಗಿತ್ತು, ಅಮ್ಮ ಅದೇ ಕೊರಗಿನಲ್ಲಿ ಹೀಗಾದರು ಎನ್ನುವುದು ಅಣ್ಣನ ವಾದ. ಅತ್ತಿಗೆ ಯಾರ ತಂಟೆಗೂ ಹೋಗದೆ, ಅದರಿಂದಲೇ ಮರೆವು ಬರುತ್ತದೆಂದು ಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಗುಜರಿಗೆ ಹಾಕಿದ್ದರಂತೆ.

ಮುಂದಿನ ಸಲ ಅಣ್ಣನನ್ನೂ ಕರೆಸಿದೆ. ಇಬ್ಬರಿಗೂ ಕೇಳಿದ್ದು ಒಂದೇ ಪ್ರಶ್ನೆ: ಅಪ್ಪ ಇದ್ದಾಗ ಅಮ್ಮನ ದಿನ ಹೇಗಿರುತ್ತಿತ್ತು? ಅಣ್ಣ ಸ್ವಲ್ಪ ಯೋಚಿಸಿ ಹೇಳಿದರು, ಫೋನ್ ಮಾಡಿದರೆ ಎತ್ತುತ್ತಿದ್ದದ್ದು ಅಪ್ಪನೇ. ಅಮ್ಮನ ಕೈಗೆ ಕೊಟ್ಟರೂ ಪಕ್ಕದಲ್ಲೇ ಕೂತು "ಮಗುವಿನ ಪರೀಕ್ಷೆ ಹೇಗಾಯ್ತು ಕೇಳು" ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದರು. ಆಗ ಮಾಲತಿಯವರಿಗೂ ಒಂದೊಂದೇ ನೆನಪಾಯಿತು. ಬ್ಯಾಂಕಿನ ಕಾಗದದಲ್ಲಿ ಎಲ್ಲಿ ಸಹಿ ಹಾಕಬೇಕೆಂದು ಅಪ್ಪ ಬೆರಳಿಟ್ಟು ತೋರಿಸುತ್ತಿದ್ದದ್ದು, ಮಾತ್ರೆಗಳನ್ನು ತಾವೇ ಎಣಿಸಿ ಕೊಡುತ್ತಿದ್ದದ್ದು, ಬಂದವರ ಹೆಸರನ್ನು ಅಮ್ಮ ಕೇಳುವ ಮೊದಲೇ ಜೋರಾಗಿ ಹೇಳಿಬಿಡುತ್ತಿದ್ದದ್ದು.

ಇದನ್ನು ನಾನು ಎಷ್ಟೋ ಕುಟುಂಬಗಳಲ್ಲಿ ನೋಡಿದ್ದೇನೆ. ಗಂಡನೋ ಹೆಂಡತಿಯೋ ಜೊತೆಯವರ ಮರೆವನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಮುಚ್ಚುತ್ತಾ ಬಂದಿರುತ್ತಾರೆ. ಅವರು ಹೋದಾಗ, ಮನೆ ಬದಲಾದಾಗ ಅದು ಬಯಲಾಗುತ್ತದೆ. ನೋಡುವವರಿಗೆ ಅಂದೇ ಶುರುವಾದಂತೆ ಕಾಣುತ್ತದೆ.

ಈ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಿನ ಕೋಶಗಳ ನಡುವೆ ಗಂಟುಗಂಟಾಗಿ ಕೂರುತ್ತದೆ. ಟೌ ಎಂಬ ಇನ್ನೊಂದು ಪ್ರೋಟೀನ್ ಕೋಶಗಳ ಒಳಗೆ ಸಿಕ್ಕುಸಿಕ್ಕಾಗುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ತಮ್ಮ ರೋಗಿಯೊಬ್ಬರ ಮಿದುಳಿನಲ್ಲಿ ಕಂಡ ಇಂಥ ಬದಲಾವಣೆಗಳನ್ನು 1906ರಲ್ಲೇ ವಿವರಿಸಿದ್ದರು. ಮರೆವು ಎದ್ದು ಕಾಣುವುದಕ್ಕೆ 15–20 ವರ್ಷ ಮೊದಲೇ ಒಳಗೆ ಈ ಕೆಲಸ ಶುರುವಾಗಿರುತ್ತದೆ. ಲೆಕ್ಕ ಹಾಕಿ ನೋಡಿ ಎಂದೆ. ಆಗ ಅಮ್ಮನಿಗೆ ಅರವತ್ತರ ಆಸುಪಾಸು. ಅಣ್ಣನ ಮನೆಗೆ ಹೋಗಿರಲಿಲ್ಲ, ಅಪ್ಪ ಇದ್ದರು, ಯಾವ ಕೊರಗೂ ಇರಲಿಲ್ಲ. ಒಂಟಿಯಾಗಿರುವುದು, ಖಿನ್ನತೆ, ಮೈಗೂ ಮನಸ್ಸಿಗೂ ಕೆಲಸವಿಲ್ಲದಿರುವುದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ ಎನ್ನುವುದು ನಿಜ. ಆದರೆ ಅದು ವರ್ಷಗಟ್ಟಲೆಯ ಮಾತು. ಒಂದು ವರ್ಷ ಅಡುಗೆಮನೆಗೆ ಬಿಡದಿದ್ದಕ್ಕೆ ಯಾರಿಗೂ ಅಲ್ಜೈಮರ್ ಬರುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯಿಂದ ಬರುತ್ತದೆ ಎನ್ನುವುದಕ್ಕೂ ಗಟ್ಟಿ ಪುರಾವೆ ಸಿಕ್ಕಿಲ್ಲ.

"ಹಾಗಾದ್ರೆ ಯಾತರಿಂದ ಬಂತು ಹೇಳಿ" ಎಂದರು ಅಣ್ಣ. ಒಂದೇ ಕಾರಣ ಬೇಕು ಎಲ್ಲರಿಗೂ. ಹಾಗೆ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. 65 ದಾಟಿದ ಮೇಲೆ ಸುಮಾರು ಐದು ವರ್ಷಕ್ಕೊಮ್ಮೆ ಅಪಾಯ ದುಪ್ಪಟ್ಟಾಗುತ್ತಾ ಹೋಗುತ್ತದೆ. ಹಾಗಂತ ವಯಸ್ಸಾದವರೆಲ್ಲರಿಗೂ ಬರುವುದಿಲ್ಲ. ಉಳಿದದ್ದು ಹುಟ್ಟಿನಿಂದ ಬಂದದ್ದು ಒಂದಿಷ್ಟು, ಬದುಕಿದ ರೀತಿ ಒಂದಿಷ್ಟು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ನಾವು ಬದಲಾಯಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಸಿಗರೇಟು, ಕುಡಿತ, ಬೊಜ್ಜು, ತಲೆಗೆ ಬಿದ್ದ ಪೆಟ್ಟು, ಹೊಗೆ ತುಂಬಿದ ಗಾಳಿ ಎಲ್ಲ ಅದರಲ್ಲಿವೆ. ಇವನ್ನೆಲ್ಲ ನಿಭಾಯಿಸಿದರೆ ಲೋಕದ ಡಿಮೆನ್ಶಿಯಾ (ಅಲ್ಜೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಪ್ರಕರಣಗಳಲ್ಲಿ ಸುಮಾರು 45 ಶೇಕಡಾ ತಪ್ಪಿಸಬಹುದು ಅಥವಾ ಮುಂದೂಡಬಹುದು ಎನ್ನುವುದು ಅವರ ಅಂದಾಜು. ಇದು ಇಡೀ ಜನಸಮೂಹದ ಲೆಕ್ಕ. ನಮ್ಮಮ್ಮನಿಗೆ ಯಾತರಿಂದ ಬಂತು ಎನ್ನುವುದಕ್ಕೆ ಇದರಲ್ಲಿ ಉತ್ತರವಿಲ್ಲ.

ಆ ಪಟ್ಟಿಯಲ್ಲಿ ಕಿವಿಯೂ ಇದೆ ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ತಾಯಿಗೆ ಹತ್ತಾರು ವರ್ಷಗಳಿಂದ ಕಿವಿ ಮಂದ. ತರಿಸಿದ ಮೆಷಿನ್ ಡಬ್ಬಿಯಲ್ಲೇ ಇದೆ. ಕೇಳಿಸದವರು ಮೆಲ್ಲಮೆಲ್ಲನೆ ಮಾತು ಕಡಿಮೆ ಮಾಡುತ್ತಾರೆ, ಜನರ ನಡುವೆ ಕೂರುವುದು ಬಿಡುತ್ತಾರೆ. ಅಲ್ಲದೆ ಕೇಳಿಸದೇ ಉತ್ತರ ಕೊಡದಿದ್ದದ್ದೂ ಮನೆಯವರ ಲೆಕ್ಕದಲ್ಲಿ ಮರೆವೇ ಆಗಿಬಿಡುತ್ತದೆ. ಕಿವಿ ಪರೀಕ್ಷೆ ಮತ್ತೆ ಮಾಡಿಸಿ, ಮೆಷಿನ್ ಸರಿಹೊಂದಿಸಿಕೊಂಡು ಬನ್ನಿ ಎಂದೆ. ಕಾಯಿಲೆ ವಾಸಿಯಾಗುತ್ತದೆಂದು ಅಲ್ಲ, ಅಮ್ಮನ ಜೊತೆ ಮಾತಾಡಲು ಸಾಧ್ಯವಾಗಲಿ ಎಂದು. ಥೈರಾಯ್ಡ್ ತೊಂದರೆ, ಬಿ12 ವಿಟಮಿನ್ ಕೊರತೆ, ತೆಗೆದುಕೊಳ್ಳುತ್ತಿರುವ ನಿದ್ದೆ ಮಾತ್ರೆ, ಇವೂ ಮರೆವನ್ನು ಜಾಸ್ತಿ ಮಾಡಬಲ್ಲವು. ಅವನ್ನು ನೋಡಿದ್ದಾರಾ ಎಂದು ವೈದ್ಯರನ್ನು ಕೇಳಲು ಚೀಟಿಯಲ್ಲಿ ಬರೆದುಕೊಟ್ಟೆ.

ನೋಟ್‌ಬುಕ್ ವಿಷಯಕ್ಕೆ ಮಾಲತಿಯವರು ಒಬ್ಬರೇ ಬಂದರು. ಅದರ ತುಂಬ ಅವರ ಸ್ವಂತ ಮರೆವಿನ ಲೆಕ್ಕ, ತಾರೀಖು ಸಮೇತ. "ಗ್ಯಾಸ್ ಆಫ್ ಮಾಡಿದ್ದೆನಾ ಎಂದು ಗೇಟಿನಿಂದ ವಾಪಸ್ ಬಂದೆ. ಮಾಡಿದ್ದೆ." "ಹಳೇ ಸಹೋದ್ಯೋಗಿಯ ಹೆಸರು ಬಾಯಿಗೆ ಬರಲಿಲ್ಲ. ರಾತ್ರಿ ನೆನಪಾಯಿತು." ಅದನ್ನು ಓದಿ ನಾನು ಹೇಳಿದೆ, ಮರೆತದ್ದನ್ನು ಇಷ್ಟು ಕರಾರುವಾಕ್ಕಾಗಿ ನೆನಪಿಟ್ಟು ಬರೆದಿದ್ದೀರಲ್ಲ ಎಂದು. ಹೆದರಬೇಕಾದ ಮರೆವನ್ನು ಸಾಮಾನ್ಯವಾಗಿ ಮೊದಲು ಗಮನಿಸುವುದು ಸುತ್ತಲಿನವರು: ಈಗಷ್ಟೇ ಕೇಳಿದ್ದನ್ನು ಮತ್ತೆ ಕೇಳುವುದು, ದಿನಾ ಓಡಾಡುವ ದಾರಿ ತಪ್ಪುವುದು, ಸಲೀಸಾಗಿ ಮಾಡುತ್ತಿದ್ದ ಮನೆ ಲೆಕ್ಕ ಕೈಗೆ ಹತ್ತದಿರುವುದು.

"ನಂಗೂ ಬಂದೇ ಬರುತ್ತೆ, ಅಲ್ವಾ?" ಎಂದರು. ಇಲ್ಲ. ಹೆತ್ತವರಿಗಿದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು, ಅಷ್ಟೇ. ನೇರವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆ ಬಹಳ ಅಪರೂಪ, ಒಟ್ಟು ಪ್ರಕರಣಗಳಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಅದು ಸಾಮಾನ್ಯವಾಗಿ 65ರ ಒಳಗೇ ಕಾಣಿಸಿಕೊಳ್ಳುತ್ತದೆ. ಇವರ ತಾಯಿಯದು ಅದಲ್ಲ. ಎಪಿಒಇ ಜೀನಿನ ಇ4 ಎಂಬ ಬಗೆ ಇದ್ದರೆ ಅಪಾಯ ಏರುತ್ತದೆ. ಆದರೆ ಅದಿದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಪರೀಕ್ಷೆ ಮಾಡಿಸಲೇಬೇಕೆಂದರೆ ಮೊದಲು ಜೆನೆಟಿಕ್ ಕೌನ್ಸೆಲರ್ (ಜೀನ್ ಪರೀಕ್ಷೆಯ ಬಗ್ಗೆ ಸಲಹೆ ಕೊಡುವವರು) ಒಬ್ಬರನ್ನು ಕಂಡು, ಫಲಿತಾಂಶ ಗೊತ್ತಾದ ಮೇಲೆ ಏನು ಮಾಡುತ್ತೀರಿ ಎಂದು ಯೋಚಿಸಿ ಎಂದೆ.

ಮಾತಿನ ನಡುವೆ ಇನ್ನೊಂದು ಹೊರಬಿತ್ತು. ಮಾಲತಿಯವರಿಗೆ ಬಿಪಿ ಇದೆ, ತಲೆಸುತ್ತು ಇಲ್ಲವೆಂದು ಮಾತ್ರೆ ಬಿಟ್ಟು ವರ್ಷವಾಗಿದೆ! ನನಗೆ ನಿಜವಾಗಿಯೂ ಚಿಂತೆಯಾಗಿದ್ದು ಅದು, ನೋಟ್‌ಬುಕ್ ಅಲ್ಲ. ನಡುವಯಸ್ಸಿನ ಬಿಪಿ ಮಿದುಳಿನ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಬರೆಯುವುದಾದರೆ ಅದೇ ನೋಟ್‌ಬುಕ್ಕಿನಲ್ಲಿ ಬಿಪಿ ಬರೆಯಿರಿ ಎಂದು ಹೇಳಿ ವೈದ್ಯರ ಬಳಿ ಕಳಿಸಿದೆ.

ಈಗ ಮಾತ್ರೆ ಮತ್ತೆ ಶುರುವಾಗಿದೆ. ಅಮ್ಮ ಕಿವಿ ಮೆಷಿನ್ನನ್ನು ಬೆಳಗ್ಗೆ ಸ್ವಲ್ಪ ಹೊತ್ತು ಹಾಕಿಕೊಂಡು ಕಿತ್ತಿಡುತ್ತಾರಂತೆ. ತಿಂಗಳಲ್ಲಿ ಒಂದು ವಾರ ಮಾಲತಿಯವರು ಅಣ್ಣನ ಮನೆಯಲ್ಲೇ ಉಳಿಯುತ್ತಾರೆ, ಆಗ ಅತ್ತಿಗೆಗೆ ಬಿಡುವು. ಜೀನ್ ಪರೀಕ್ಷೆ ಮಾಡಿಸಬೇಕಾ ಬೇಡವಾ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.